ಬಚ್ಚಲೊಲೆ ಕೆಡವಿದ ಮೇಲೆ

(ಮಲೆನಾಡಿನ ಊರೊಂದರಲ್ಲಿ, ಅಡಿಕೆ ಉಗ್ರಾಣವಾಗಿದ್ದ ಕೋಣೆಯನ್ನು ಪುಸ್ತಕಾಲಯವೂ ಸಭಾಂಗಣವೂ ಆಗಿ ಮಾರ್ಪಡಿಸಿದ ಜಾಗದಲ್ಲಿ, ಪುಷ್ಯ ಮಳೆಯ ದಿನಗಳಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಒಳಗೆ ಬರುವಾಗ ನಿಮ್ಮ ಕೊಡೆ, ರೈನ್‌ಕೋಟುಗಳನ್ನು ಜಗುಲಿಯಲ್ಲೇ ಬಿಡಬೇಕೆಂದು ಒಬ್ಬ ಹುಡುಗ ಹಟ ಹಿಡಿದು ನಿಂತಿದ್ದನಲ್ಲ, ಅವನ ಮೇಲೆ ಸಿಟ್ಟಾಗಬೇಡಿ. ಅವನನ್ನು ಅಲ್ಲಿ ನಿಲ್ಲಿಸಿದವನು ನಾನೇ. ಒಬ್ಬ ಹಿರಿಯರಂತೂ "ಇದೇನು ದೇವಸ್ಥಾನವೇ?" ಎಂದು ಕೇಳಿದರಂತೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟರೆ ಸಾಕು. ಇಲ್ಲಿ ನೀರನ್ನು ಬಿಡಬೇಕು.

ಈ ಮೇಜಿನ ಮೇಲೆ ಎರಡು ಬಟ್ಟಲುಗಳಿವೆ. ಎರಡರಲ್ಲೂ ನಿನ್ನೆ ಸಂಜೆ ಒಂದೇ ಪೊಟ್ಟಣದಿಂದ ತೆಗೆದ ಪುಡಿ ಉಪ್ಪು ಹಾಕಿದ್ದೆ. ಒಂದು ರಾತ್ರಿಯಿಡೀ ಜಗುಲಿಯಲ್ಲಿತ್ತು, ಇನ್ನೊಂದು ಈ ಕೋಣೆಯಲ್ಲೇ ಇತ್ತು. ಜಗುಲಿಯ ಉಪ್ಪು ನೀರೊಡೆದು ಅಂಟಾಗಿದೆ. ಒಳಗಿನದು ಇನ್ನೂ ಬೆರಳಿನಿಂದ ಉದುರುತ್ತದೆ. ನಾನು ಹೇಳಬೇಕಾದದ್ದರಲ್ಲಿ ಅರ್ಧ ಈ ಎರಡು ಬಟ್ಟಲುಗಳ ನಡುವೆಯೇ ಇದೆ.

ಅಡುಗೆ ಉಪ್ಪಿಗೆ ಒಂದು ಗುಣವಿದೆ. ಸುತ್ತಲಿನ ಗಾಳಿಯ ಆರ್ದ್ರತೆ ಶೇಕಡಾ 75ನ್ನು ದಾಟಿದರೆ ಅದು ಗಾಳಿಯಿಂದ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಒಣಗಿಯೇ ಇರುತ್ತದೆ. ನಮ್ಮ ಹಿರಿಯರು ಉಪ್ಪಿನ ಮರಿಗೆಯನ್ನೂ ಬೆಂಕಿಪೊಟ್ಟಣವನ್ನೂ ಒಲೆಯ ಪಕ್ಕದಲ್ಲೇ ಇಡುತ್ತಿದ್ದುದು ಸುಮ್ಮನೆ ಅಲ್ಲ. ಬೂಸರಿಗೂ ಹೆಚ್ಚುಕಡಿಮೆ ಇದೇ ಗಡಿ. ಗೋಡೆಯಾಗಲಿ, ಪುಸ್ತಕದ ಬೆನ್ನಾಗಲಿ, ಚರ್ಮದ ಚೀಲವಾಗಲಿ, ಅದಕ್ಕೆ ತಾಗಿಕೊಂಡ ಗಾಳಿ ಶೇಕಡಾ 75ರಿಂದ 80ರ ಮೇಲೆ ಕೆಲವು ದಿನ ನಿಂತಿತೆಂದರೆ ಅಲ್ಲಿ ಬೂಸರು ಮೊಳೆಯುತ್ತದೆ. ಶೇಕಡಾ 65ರ ಒಳಗಿದ್ದರೆ ಚಿಂತೆಯಿಲ್ಲ. ಆರ್ದ್ರತೆ ಅಳೆಯುವ ಮಾಪಕವಿಲ್ಲದ ಮನೆಯಲ್ಲೂ ಉಪ್ಪಿನ ಭರಣಿ ಇರುತ್ತದೆ. ಅದು ನೀರೊಡೆಯಿತೆಂದರೆ ಬೀರುವಿನಲ್ಲಿರುವ ರೇಷ್ಮೆ ಸೀರೆಯ ಸ್ಥಿತಿ ಏನೆಂದು ಬಾಗಿಲು ತೆರೆಯದೆಯೇ ಹೇಳಬಹುದು.

ಆರ್ದ್ರತೆ ಎಂದೊಡನೆ ಇದು ವಿಜ್ಞಾನದ ಪಾಠವೆಂದು ಹೆದರಬೇಡಿ. ಆರಿದ್ರಾ ಮಳೆ ಎನ್ನುತ್ತೇವಲ್ಲ, ಅದೇ ಮಾತು. ಬಿಸಿ ಗಾಳಿ ಹೆಚ್ಚು ನೀರನ್ನು ಹೊರಬಲ್ಲದು, ತಣ್ಣನೆಯ ಗಾಳಿ ಕಡಿಮೆ. ಹೊರುವ ಶಕ್ತಿಯಲ್ಲಿ ಈಗ ಎಷ್ಟು ಪಾಲು ತುಂಬಿದೆ ಎಂಬುದೇ ಈ ಶೇಕಡಾ ಲೆಕ್ಕ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 19 ಗ್ರಾಂನಷ್ಟು ನೀರಾವಿಯನ್ನು ಹಿಡಿದುಕೊಳ್ಳುತ್ತದೆ. 28 ಡಿಗ್ರಿಯಲ್ಲಿ 27 ಗ್ರಾಂ. ಜುಲೈ ತಿಂಗಳಿನ ಮಳೆಯಲ್ಲಿ ನಮ್ಮ ಹೊರಗಿನ ಗಾಳಿ 22 ಡಿಗ್ರಿಯಲ್ಲಿ ಶೇಕಡಾ 95ರ ಆಸುಪಾಸಿನಲ್ಲಿರುತ್ತದೆ. ಅದರಿಂದ ಒಂದು ತೊಟ್ಟು ನೀರನ್ನೂ ತೆಗೆಯದೆ ಬರಿದೇ 26 ಡಿಗ್ರಿಗೆ ಕಾಯಿಸಿ: ಆರ್ದ್ರತೆ ಶೇಕಡಾ 75ಕ್ಕೆ ಇಳಿಯುತ್ತದೆ. 28ಕ್ಕೆ ಕಾಯಿಸಿದರೆ ಶೇಕಡಾ 66. ನೀರು ಅಷ್ಟೇ ಇದೆ, ಗಾಳಿಯ ಮಡಿಲು ದೊಡ್ಡದಾಯಿತು.

ಇನ್ನು ಈ ಕೋಣೆಯ ಕಥೆ. ನನ್ನ ತಪ್ಪಿನ ಕಥೆ ಎಂದರೂ ಸರಿಯೇ.

ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಗೋಡೆಯ ಎತ್ತರ ಹನ್ನೆರಡು ಅಡಿ. ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು. ಎರಡು ತಲೆಮಾರು ಇಲ್ಲಿ ಚಾಲಿ ಅಡಿಕೆಯ ಮೂಟೆಗಳಿದ್ದವು. ಉಗ್ರಾಣದ ಒಡೆಯರ ಮನೆಯವರು ಇದನ್ನು ಊರಿಗೆ ಬಿಟ್ಟುಕೊಟ್ಟಾಗ ಮಾರ್ಪಾಡಿನ ನಕ್ಷೆ ಮಾಡಿದವನು ನಾನು. ಕಟ್ಟಡದ ಕೆಲಸದಲ್ಲಿ ತಲೆ ನರೆತವನು, ಗರ್ವ ಇಲ್ಲವೆಂದು ಹೇಳಲಾರೆ. ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಗಾರೆ ಮೆತ್ತಿಸಿದೆ, ಮೇಲೆ ನೀರು ತಡೆಯುವ ಬಣ್ಣ ಬಳಿಸಿದೆ. ನೆಲಕ್ಕೆ ಟೈಲ್ಸ್ ಹಾಕಿಸಿದೆ. ಪೂರ್ವದ ಗೋಡೆಗೆ ಆತು ನಿಂತಿದ್ದ ಕರಿ ಹಿಡಿದ ಹಳೆಯ ಬಚ್ಚಲು ಮನೆಯನ್ನು ಕೆಡವಿಸಿ ಅಲ್ಲಿ ಶೌಚಾಲಯ ಕಟ್ಟಿಸಿದೆ. ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಬಂದವರೆಲ್ಲ ಹೊಗಳಿದರು. ಏಪ್ರಿಲ್‌ನಲ್ಲಿ ಮಲೆನಾಡಿನ ಯಾವ ಕಟ್ಟಡವೂ ಚೆಂದವೇ.

ಮೊದಲ ಮಳೆಗಾಲದಲ್ಲಿ ಇಲ್ಲಿ ಶನಿವಾರಗಳಂದು ತಾಳಮದ್ದಳೆ. ಥಂಡಿಯೆಂದು ಮೂರು ಫ್ಯಾನ್ ಹೀಟರ್‌ಗಳನ್ನು ತಂದು ಸಂಜೆ ಆರರಿಂದ ಹತ್ತರವರೆಗೆ ಹಚ್ಚಿದೆವು. ಕೋಣೆ ಬೆಚ್ಚಗಾಯಿತು, ಅರ್ಥಧಾರಿಗಳಿಗೂ ಹುರುಪು ಬಂತು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಗೋಡೆಯ ಮೇಲೆ ನೀರಿನ ಹನಿಗಳು ಸಾಲುಗಟ್ಟಿ ಇಳಿಯುತ್ತಿದ್ದವು. ಸೋರಿದೆಯೆಂದು ಹಂಚೆಲ್ಲ ಹುಡುಕಿದೆವು. ಒಂದು ಹಂಚೂ ಒಡೆದಿರಲಿಲ್ಲ. ಆಗಸ್ಟ್ ಹೊತ್ತಿಗೆ ಗೋಡೆಗೆ ಆನಿಸಿಟ್ಟ ಕಪಾಟುಗಳ ಹಿಂದೆ ಹಸಿರು, ಕಪ್ಪು, ಬಿಳಿ ಮೂರು ಬಣ್ಣದ ಬೂಸರು. ದಾನವಾಗಿ ಬಂದ ನಿಘಂಟುಗಳ ರಟ್ಟು ಉಬ್ಬಿಕೊಂಡು ಕಜ್ಜಾಯದಂತಾಗಿತ್ತು.

ಏನಾಗಿತ್ತೆಂದರೆ, ಕುಳಿತ ಮನುಷ್ಯನೊಬ್ಬ ಉಸಿರು, ಬೆವರುಗಳಿಂದ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಗಾಳಿಗೆ ಬಿಡುತ್ತಾನೆ. ಅರವತ್ತು ಜನ, ನಾಲ್ಕು ಗಂಟೆ: ಹನ್ನೆರಡು ಲೀಟರ್. ಒದ್ದೆ ಕೊಡೆ, ಒದ್ದೆ ಪಂಚೆಯ ಅಂಚು ಇವುಗಳ ಲೆಕ್ಕ ಬೇರೆ. ಈ ಇಡೀ ಕೋಣೆಯ ಗಾಳಿಯಲ್ಲಿ, ಮಳೆಗಾಲದಲ್ಲೂ, ಇರುವ ನೀರು ಸುಮಾರು ಐದು ಲೀಟರ್ ಮಾತ್ರ! ಹೀಟರ್ ಉರಿಯುವಷ್ಟು ಹೊತ್ತು ಬಿಸಿ ಗಾಳಿ ಆ ಭಾರವನ್ನು ಹೊತ್ತುಕೊಂಡಿತು. ನಾಲ್ಕು ಗಂಟೆಯಲ್ಲಿ ಗಾಳಿ ಬಿಸಿಯಾಗುತ್ತದೆ, ಒಂದೂವರೆ ಅಡಿ ದಪ್ಪದ ಕಲ್ಲು ಬಿಸಿಯಾಗುವುದಿಲ್ಲ. ಹತ್ತು ಗಂಟೆಗೆ ಹೀಟರ್ ಆರಿಸಿ, ಬಾಗಿಲು ಹಾಕಿ, ಬೀಗ ಜಡಿದು ಮನೆಗೆ ಹೋದೆವು. ಗಾಳಿ ತಣಿಯಿತು, ಹೊತ್ತ ನೀರನ್ನು ತಣ್ಣಗಿದ್ದ ಗೋಡೆಯ ಮೇಲೆ ಇಳಿಸಿತು. ಸಿಮೆಂಟಿನ ಮೇಲೆ ಬಣ್ಣ ಬಳಿದಿದ್ದರಿಂದ ಗೋಡೆ ಅದನ್ನು ಹೀರಿಕೊಳ್ಳಲೂ ಇಲ್ಲ. ಹೀಗೆ ಹೊತ್ತು ಹೊತ್ತಿಗೆ ಹಚ್ಚಿ ಆರಿಸುವ ಬಿಸಿ, ದೊಡ್ಡ ಕೋಣೆಗಳಿಗೆ ಬಿಸಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂಬುದು ನನಗೆ ಆ ವರ್ಷ ಗೊತ್ತಾಯಿತು.

ನಿಜವಾದ ರೋಗವನ್ನು ಕಂಡುಹಿಡಿದವರು ಆ ಮನೆಯ ಅಜ್ಜಿ. ಬೂಸರು ನೋಡಲು ಬಂದವರು ಪೂರ್ವದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ, "ಈ ಗೋಡೆ ಇಷ್ಟು ತಣ್ಣಗಿದ್ದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿಲ್ಲ. ಬಚ್ಚಲೊಲೆಯನ್ನು ಏಕೆ ತೆಗೆದಿರಿ ತಮ್ಮಾ?" ಎಂದರು.

ನಾನು ಶೌಚಾಲಯದ ಅಗತ್ಯವನ್ನು ವಿವರಿಸತೊಡಗಿದೆ. ಅವರು ಕೇಳಿಸಿಕೊಳ್ಳಲಿಲ್ಲ. "ಅಡಿಕೆಗೆ ಬೂಸರು ಬಂದರೆ ನನ್ನ ಮಾವನವರು ಬೈಯುತ್ತಿದ್ದದ್ದು ನನ್ನನ್ನು. ಒಲೆ ಆರಿಸಿದೆಯಾ ಎಂದು ಕೇಳುತ್ತಿದ್ದರು."

ಆ ಗೋಡೆಯ ಆಚೆ, ಹಂಡೆಯ ಅಡಿಯಲ್ಲಿ, ಮಳೆಗಾಲದುದ್ದಕ್ಕೂ ಹಗಲೂ ರಾತ್ರಿ ಒಂದು ಮರದ ಕುಂಟೆ ಉರಿಯುತ್ತಲೋ ಹೊಗೆಯಾಡುತ್ತಲೋ ಇರುತ್ತಿತ್ತು. ಗೋಡೆಯೇ ಹೀಟರ್. ನಾನು ಆ ಹೀಟರನ್ನು ಕೆಡವಿ, ಕಲ್ಲುಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ, ಪೇಟೆಯಿಂದ ಹೀಟರ್ ತಂದಿದ್ದೆ.

ಇಲ್ಲಿ ಒಂದು ಲೆಕ್ಕ ಕೊಡುತ್ತೇನೆ. ಒಂದು ಕಿಲೋ ಒಣ ಸೌದೆ ಉರಿದರೆ ಸುಮಾರು ನಾಲ್ಕು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬರುತ್ತದೆ. ಅಡುಗೆ ಒಲೆ, ಬಚ್ಚಲೊಲೆ, ಬೆಂಕಿ ಕಾಯಿಸುವ ಹೊಂಡ ಎಲ್ಲ ಸೇರಿ ದಿನಕ್ಕೆ ಇಪ್ಪತ್ತು ಕಿಲೋ ಸುಟ್ಟ ಮನೆಯಲ್ಲಿ ಎಂಬತ್ತು ಯೂನಿಟ್. ಅದರಲ್ಲಿ ಮುಕ್ಕಾಲು ಪಾಲು ಹಂಚಿನ ಸಂದಿಯಿಂದ ಹಾರಿಹೋಯಿತೆನ್ನಿ, ಇಪ್ಪತ್ತು ಯೂನಿಟ್ ಗೋಡೆ, ಅಟ್ಟ, ತೊಲೆಗಳಲ್ಲಿ ಉಳಿಯಿತು. ಇಂದು ಅದೇ ಮನೆಯಲ್ಲಿ 14.2 ಕಿಲೋ ಸಿಲಿಂಡರ್ ಒಂದು ತಿಂಗಳು ಬರುತ್ತದೆಂದರೆ ದಿನಕ್ಕೆ ಸಿಗುವ ಶಾಖ ಒಟ್ಟು ಆರು ಯೂನಿಟ್. ಅದರ ಜೊತೆಗೆ ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ: ಒಂದು ಕಿಲೋ ಅಡುಗೆ ಅನಿಲ ಉರಿದಾಗ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಹುಟ್ಟುತ್ತದೆ. ಬೆಂಕಿಯಿಂದ ನೀರು! ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರನ್ನು ತೇವ ಹೋಗಲೆಂದು ಹಚ್ಚುವುದು ತೂತು ದೋಣಿಯಿಂದ ನೀರನ್ನು ತೂತು ಕೊಡದಲ್ಲಿ ಎತ್ತಿ ಹಾಕಿದಂತೆ.

ನಾನು ಹೊಗೆಯ ಅಡುಗೆಮನೆಗೆ ಮರಳಿ ಎನ್ನುತ್ತಿಲ್ಲ. ಆ ಹೊಗೆಯ ಬೆಲೆಯನ್ನು ಕಣ್ಣು, ಶ್ವಾಸಕೋಶಗಳಲ್ಲಿ ತೆತ್ತವರು ನಮ್ಮ ತಾಯಂದಿರು. ಗ್ಯಾಸ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಲೆ ಅನ್ನ ಬೇಯಿಸುವುದರ ಜೊತೆಗೆ ಮನೆಯನ್ನೂ ಒಣಗಿಸುತ್ತಿತ್ತು. ಅನ್ನದ ಕೆಲಸವನ್ನು ಗ್ಯಾಸಿಗೆ ವಹಿಸಿದೆವು, ಎರಡನೆಯ ಕೆಲಸವನ್ನು ಯಾರಿಗೂ ವಹಿಸಲಿಲ್ಲ. ಆಮೇಲೆ, ಈಗಿನ ಮನೆಗಳಲ್ಲಿ ಬೂಸರು ಜಾಸ್ತಿ, ಹವಾಮಾನವೇ ಕೆಟ್ಟಿದೆ ಎಂದೆವು.

ತೇವದ ಜಾಗವನ್ನು ಬಿಸಿಯಿಂದಲೇ ಒಣಗಿಸಿದ್ದಕ್ಕೆ ದೊಡ್ಡ ಉದಾಹರಣೆ ಬೇಕೆಂದರೆ ಬ್ರಿಟನ್ನಿನ ವೇಲ್ಸ್‌ಗೆ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ನ್ಯಾಷನಲ್ ಗ್ಯಾಲರಿಯ ವರ್ಣಚಿತ್ರಗಳನ್ನು 1941ರಲ್ಲಿ ಬ್ಲೈನೌ ಫೆಸ್ಟಿನಿಯೋಗ್ ಹತ್ತಿರದ ಮಾನೋಡ್ ಎಂಬ ಸ್ಲೇಟು ಕಲ್ಲಿನ ಗಣಿಯೊಳಗೆ ಸಾಗಿಸಿದರು. ದೊಡ್ಡ ಚಿತ್ರಗಳು ಹಾಯಲೆಂದು ಗಣಿಯ ಬಾಯಿಯನ್ನೇ ಸಿಡಿಮದ್ದಿನಿಂದ ಅಗಲ ಮಾಡಿದರು. ಬೆಟ್ಟದ ಹೊಟ್ಟೆ, ಒಳಗೆ ಯಾವಾಗಲೂ ಥಂಡಿ, ನೀರು ತೊಟ್ಟಿಕ್ಕುವ ಬಂಡೆ. ಅಂಥ ಗುಹೆಯೊಳಗೆ ಇಟ್ಟಿಗೆಯ ಮನೆಗಳನ್ನು ಕಟ್ಟಿ, ಗಾಳಿಯನ್ನು ಸುಮಾರು 17 ಡಿಗ್ರಿಗೆ ಕಾಯಿಸಿ ಒಳಗೆ ಬಿಟ್ಟರು. ಆರ್ದ್ರತೆ ಶೇಕಡಾ 42ರ ಆಸುಪಾಸಿನಲ್ಲಿ ನಿಂತಿತು. ಇನ್ನೂ ಸ್ವಾರಸ್ಯ ಮುಂದಿದೆ. ಲಂಡನ್ನಿನಲ್ಲಿದ್ದಾಗ ಋತು ಬದಲಾದಂತೆಲ್ಲ ಚಿತ್ರ ಬರೆದ ಮರದ ಹಲಗೆ ಹಿಗ್ಗಿ ಕುಗ್ಗಿ ಚಿತ್ರಗಳ ಬಣ್ಣ ಚಕ್ಕೆ ಏಳುತ್ತಿತ್ತು. ಅದನ್ನು ಅಂಟಿಸುವುದೇ ಒಂದು ಕೆಲಸ. ಗಣಿಯಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. 1945ರಲ್ಲಿ ಲಂಡನ್ನಿಗೆ ಮರಳಿದ ಮೇಲೆ ಮತ್ತೆ ಶುರುವಾಯಿತು. ಚಿತ್ರಗಳಿಗೆ ಬೇಕಾಗಿದ್ದದ್ದು ಏರಿಳಿತವಿಲ್ಲದ ಗಾಳಿ. ಈಗ ಅಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ತನ್ನ ಹಳೆಯ ಬಂಗಲೆಗಳಲ್ಲಿ ಹೀಟರುಗಳನ್ನು ಉಷ್ಣತೆ ನೋಡಿ ಹಚ್ಚುವುದಿಲ್ಲ, ಆರ್ದ್ರತೆ ನೋಡಿ ಹಚ್ಚುತ್ತದೆ. ಕೋಣೆ ಜನರಿಗೆ ಹಿತವಾಗುವಷ್ಟು ಬೆಚ್ಚಗಾಗದಿದ್ದರೂ ಪೀಠೋಪಕರಣಕ್ಕೆ ಅಷ್ಟು ಸಾಕು.

ಇದನ್ನು ಕೇಳಿ, ಸರಿ, ನಾವೂ ಹಾಗೆಯೇ ಮಾಡೋಣ ಎಂದುಕೊಂಡರೆ ಮೋಸ ಹೋಗುತ್ತೀರಿ, ನಾನೂ ಹೋಗಿದ್ದೆ. ಅಲ್ಲಿನ ಚಳಿಗಾಳಿ ಒದ್ದೆಯಾಗಿ ಕಂಡರೂ ಅದರಲ್ಲಿ ನೀರು ಕಡಿಮೆ. 8 ಡಿಗ್ರಿಯ ಗಾಳಿ ತುಂಬಿ ತುಳುಕಿದರೂ ಎಂಟು ಗ್ರಾಂ ಚಿಲ್ಲರೆ. ನಮ್ಮ ಜುಲೈ ಗಾಳಿಯಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬರೀ ಬಿಸಿಯಿಂದ ಶೇಕಡಾ 65 ಮುಟ್ಟಬೇಕೆಂದರೆ ಕೋಣೆಯನ್ನು ಹೊರಗಿಗಿಂತ ಆರು ಡಿಗ್ರಿ ಮೇಲೆ, ಹಗಲೂ ರಾತ್ರಿ, ಮೂರು ತಿಂಗಳು ಇಟ್ಟಿರಬೇಕು. ಪುಸ್ತಕ ಉಳಿಯುತ್ತದೆ, ಓದುವವರು ಬೆವರಿ ಎದ್ದು ಹೋಗುತ್ತಾರೆ. ಆದ್ದರಿಂದ ನಮ್ಮಲ್ಲಿ ಬಿಸಿ ಅರ್ಧ ದಾರಿ ಮಾತ್ರ ಕರೆದೊಯ್ಯುತ್ತದೆ: ಮೂರು ನಾಲ್ಕು ಡಿಗ್ರಿ. ಉಳಿದ ಅರ್ಧಕ್ಕೆ ಗಾಳಿಯಿಂದ ನೀರನ್ನೇ ತೆಗೆಯಬೇಕು.

ಎರಡನೆಯ ವರ್ಷ ಮಾಡಿದ್ದನ್ನು ಹೇಳುತ್ತೇನೆ. ಮೊದಲು ಬಿಸಿಯ ಮಾತನ್ನೇ ಬಿಟ್ಟು ನೀರಿನ ಬೆನ್ನು ಹತ್ತಿದೆವು. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಸೂರಿನಂಚಿಗೆ ನೀರು ಹರಿಸುವ ದೋಣಿ ಕಟ್ಟಿ ದೂರ ಹಾಯಿಸಿದೆವು, ಬುಡದ ಮಣ್ಣು ತೆಗೆದು ಚರಂಡಿ ಮಾಡಿದೆವು. ಸಿಮೆಂಟ್ ಗಾರೆಯನ್ನು ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದೆ. ಜಂಬಿಟ್ಟಿಗೆ ನೆಲದಿಂದ ನೀರು ಹೀರುವ ಕಲ್ಲು. ಹೀರಿದ್ದು ಹೊರಗೆ ಹೋಗಲು ಸುಣ್ಣ ದಾರಿ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಈ ಕೆಲಸ ನೋಡಲು ಚೆಂದವೂ ಅಲ್ಲ, ಉದ್ಘಾಟನೆಗೂ ಒದಗುವುದಿಲ್ಲ. ಖರ್ಚಿನ ಬಹುಪಾಲು ಹೋದದ್ದು ಇದಕ್ಕೇ.

ಆಮೇಲೆ ಮೇಲಿನ ಬಾಯಿ ಮುಚ್ಚಿದ್ದು. ಹಂಚಿನ ಮಾಡು ಉಸಿರಾಡುತ್ತದೆ ಎಂದು ನಾವು ಹೊಗಳುತ್ತೇವೆ. ಹೊಗೆ ಹೋಗಬೇಕಾದ ಕಾಲಕ್ಕೆ ಅದು ವರವೇ ಆಗಿತ್ತು. ಕೋಣೆಯನ್ನು ಬೆಚ್ಚಗಿಡಬೇಕೆಂದಾಗ ಅದು ಸಂತೆಯ ಬಯಲಿಗೆ ಹೀಟರ್ ಹಚ್ಚಿದಂತೆ. ಹಲಗೆಯ ಮುಚ್ಚಿಗೆ ಹಾಕಿ, ಅದರ ಮೇಲೆ ಶಾಖ ತಡೆಯುವ ಹಾಸು ಹಾಸಿದೆವು. ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ. ಗಂಟೆಗೆ ಒಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾದರೂ ಪ್ರತಿ ಸಲ ಐದು ಲೀಟರ್ ಹೊಸ ನೀರು ಒಳಗೆ ಬರುತ್ತದೆ ಎಂಬುದನ್ನು ನೆನಪಿಡಿ. ಮಳೆ ಹೊಯ್ಯುವಾಗ "ಸ್ವಲ್ಪ ಗಾಳಿಯಾಡಲಿ" ಎಂದು ಕಿಟಕಿ ತೆರೆಯುವುದು ನಮ್ಮೆಲ್ಲರ ಅಭ್ಯಾಸ. ತಣ್ಣಗಿರುವ ಖಾಲಿ ಕೋಣೆಯಲ್ಲಿ ಅದು ತೇವವನ್ನು ಕರೆದು ಕೂರಿಸಿದಂತೆ. ಕಾವಿ ನೆಲ ಬೆವರುವುದನ್ನು ನೋಡಿದ್ದೀರಲ್ಲ? ಅಡಿಯಿಂದ ನೀರು ಬಂತೆಂದು ನೆಲವನ್ನು ಬೈಯುತ್ತೇವೆ. ಎಷ್ಟೋ ಸಲ ಆ ನೀರು ತೆರೆದ ಕಿಟಕಿಯಿಂದ ಬಂದು ತಣ್ಣನೆಯ ನೆಲದ ಮೇಲೆ ಕುಳಿತದ್ದು.

ಇಷ್ಟಾದ ಮೇಲೆ ಲೆಕ್ಕ ಹಾಕಿದರೆ, ಈ ಕೋಣೆಯನ್ನು ಹೊರಗಿಗಿಂತ ನಾಲ್ಕು ಡಿಗ್ರಿ ಮೇಲಿಡಲು ಸುಮಾರು ಒಂದೂವರೆ ಕಿಲೋವಾಟ್ ಸಾಕಾಯಿತು. ಸಾಕು ಎಂದೆ, ಆದರೆ ಬಿಡದೆ ಉರಿಸಿದರೆ ದಿನಕ್ಕೆ 36 ಯೂನಿಟ್, ತೊಂಬತ್ತು ದಿನಕ್ಕೆ 3,240. ಊರಿನ ಪುಸ್ತಕಾಲಯಕ್ಕೆ ಈ ಬಿಲ್ಲು ಕಟ್ಟುವವರು ಯಾರು? ಕಟ್ಟಲು ದುಡ್ಡಿದ್ದರೂ ಮರ ಬಿದ್ದು ಮೂರು ದಿನ ಕರೆಂಟು ಹೋದರೆ? ಮಲೆನಾಡಿನಲ್ಲಿ ತೇವ ಹೆಚ್ಚಿರುವ ದಿನವೇ ಕರೆಂಟು ಇಲ್ಲದಿರುವ ದಿನ.

ಹಾಗಾಗಿ ಅಜ್ಜಿಯ ಒಲೆ ಮರಳಿ ಬಂತು, ರೂಪ ಬದಲಿಸಿಕೊಂಡು. ಪೂರ್ವದ ಗೋಡೆಯ ಬಳಿ ನಿಮಗೆ ಕಾಣುತ್ತಿರುವುದು ಬಾಗಿಲಿರುವ ಕಬ್ಬಿಣದ ಒಲೆ. ಉರಿಯಲು ಬೇಕಾದ ಗಾಳಿ ಹೊರಗಿನಿಂದಲೇ ಕೊಳವೆಯಲ್ಲಿ ಬರುತ್ತದೆ. ಹೊಗೆ ಇನ್ನೊಂದು ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತದೆ. ಹೊಗೆ ಕೊಳವೆ ಕೋಣೆಯೊಳಗೆ ಉದ್ದಕ್ಕೆ ಹಾಯ್ದು ಹೋಗುವುದರಿಂದ ದಾರಿಯಲ್ಲೇ ಶಾಖ ಬಿಟ್ಟುಕೊಡುತ್ತದೆ. ಮೈಗೆ ಕಲ್ಲು ಕಟ್ಟಿಸಿದ್ದೇವೆ. ಬೆಂಕಿ ಆರಿದ ಮೇಲೂ ರಾತ್ರಿಯಿಡೀ ಕಾವು ಇರುತ್ತದೆ. ಉರುವಲು ಅಡಿಕೆ ಸಿಪ್ಪೆ, ತೆಂಗಿನ ಕರಟ, ಬೇಸಿಗೆಯಲ್ಲೇ ಒಣಗಿಸಿಟ್ಟ ಸೌದೆ. ಹಸಿ ಸೌದೆ ಹಾಕಿದರೆ ಅದರ ನೀರನ್ನು ಆವಿ ಮಾಡುವುದಕ್ಕೇ ಬೆಂಕಿಯ ಒಂದು ಪಾಲು ಖರ್ಚಾಗುತ್ತದೆ. ಒಂದು ಎಚ್ಚರಿಕೆಯನ್ನು ಜೋರಾಗಿಯೇ ಹೇಳುತ್ತೇನೆ: ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ.

ಉಳಿದ ಅರ್ಧ ದಾರಿಗೆ ಡಿಹ್ಯುಮಿಡಿಫೈಯರ್ ಇದೆ, ಮೂಲೆಯಲ್ಲಿ ಗುಂಯ್‌ಗುಡುತ್ತಿರುವುದು ಅದೇ. ಅದು ಸುಮ್ಮನೆ ನೀರು ಹಿಡಿಯುವ ಯಂತ್ರವಲ್ಲ, ಹೀಟರ್ ಕೂಡ. ಒಂದು ಲೀಟರ್ ಆವಿ ನೀರಾಗುವಾಗ ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಡಿಮೆ ಶಾಖವನ್ನು ಬಿಟ್ಟುಕೊಡುತ್ತದೆ. ಯಂತ್ರ ತಿಂದ ವಿದ್ಯುತ್ತೂ ಕೊನೆಗೆ ಶಾಖವಾಗಿ ಕೋಣೆಯಲ್ಲೇ ಉಳಿಯುತ್ತದೆ. ಮಲೆನಾಡಿನ ಮುಚ್ಚಿದ ಕೋಣೆಗೆ ಇದಕ್ಕಿಂತ ಹೇಳಿಮಾಡಿಸಿದ ಹೀಟರ್ ಇಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಹಂಚಿನ ಸಂದಿ ಮುಚ್ಚದೆ ಇದನ್ನು ತಂದಿಟ್ಟವರು ಇಡೀ ಆಷಾಢವನ್ನೇ ಒಣಗಿಸಲು ಹೊರಟಂತಾಗುತ್ತದೆ. ತಾಳಮದ್ದಳೆಯ ರಾತ್ರಿ ಜನ ಹೋದ ಮೇಲೂ ಇದು ಬೆಳಗಿನವರೆಗೆ ಓಡಬೇಕು. ಒಲೆಯೂ ಅಷ್ಟೇ. ಮೊದಲ ವರ್ಷ ಆರಿಸುತ್ತಿದ್ದ ಹೊತ್ತಿಗೆ ಈಗ ಇನ್ನೆರಡು ಸೌದೆ ಹಾಕಿ ಹೋಗುತ್ತೇವೆ. ಇದರಿಂದ ಅನುಕೂಲವಾದದ್ದು ಮದ್ದಳೆಯವರಿಗೂ. ಸಡಿಲಬಿದ್ದ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವ ಕೆಲಸ ಈಗ ಅಪರೂಪ.

ಸಣ್ಣಪುಟ್ಟದ್ದು ಕೆಲವಿದೆ. ಎತ್ತರದ ಕೋಣೆಯಲ್ಲಿ ಬಿಸಿ ಮುಚ್ಚಿಗೆಯ ಕೆಳಗೆ ಹೋಗಿ ಕೂರುತ್ತದೆ, ಥಂಡಿ ಗೋಡೆಯ ಬುಡದಲ್ಲಿ. ತಲೆಯ ಮೇಲಿನ ಫ್ಯಾನು ನಿಧಾನವಾಗಿ ತಿರುಗುತ್ತಿರುವುದು ಸೆಖೆಗಲ್ಲ, ಆ ಬಿಸಿಯನ್ನು ಕೆಳಗಿಳಿಸಲು. ಕಪಾಟುಗಳು ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿವೆ, ಕೆಳಗೆ ಕಾಲುಗಳಿವೆ. ಮೊದಲ ಸಲ ಒಲೆ ಹಚ್ಚಿದಾಗ ಒಂದೇ ದಿನದಲ್ಲಿ ಕಾಯಿಸಲು ಹೋಗಲಿಲ್ಲ. ವಾರಗಟ್ಟಲೆ ತೇವ ಕುಡಿದ ಹಲಸಿನ ಬಾಗಿಲು ಥಟ್ಟನೆ ಒಣಗಿದರೆ ಸೀಳುತ್ತದೆ.

ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಬೀರುವಿನಲ್ಲಿ ಬಲ್ಬು ಹಚ್ಚಿಟ್ಟರೆ ಆಗದೇ ಎಂದು ಒಬ್ಬ ತಾಯಿ ಕೇಳಿದರು. ಬೀರುವಿನಷ್ಟು ಪುಟ್ಟ ಜಾಗಕ್ಕೆ ಅದು ಒಳ್ಳೆಯ ಉಪಾಯವೇ, ಆದರೆ ಹಳೆಯ ತಂತಿಯ ಬಲ್ಬು ಬೇಕು, ಬಟ್ಟೆಗೆ ತಾಗದಂತೆ ಜಾಲರಿಯೂ ಬೇಕು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಂಥ ಕಾವು ಕೊಡುವುದಿಲ್ಲ. ಒಬ್ಬರು ಎಸಿ ಹಾಕಿದರೆ ಹೇಗೆ ಎಂದರು. ಎಸಿ ನೀರನ್ನು ತೆಗೆಯುತ್ತದೆ, ಆದರೆ ಗೋಡೆಯನ್ನೂ ತಣ್ಣಗೆ ಮಾಡಿ ಬಿಡುತ್ತದೆ. ಅದನ್ನು ನಿಲ್ಲಿಸಿ ಬಾಗಿಲು ತೆರೆದ ಕ್ಷಣ ಹೊರಗಿನ ಆವಿಗೆ ಇಳಿಯಲು ಜಾಗ ಸಿದ್ಧವಾಗಿರುತ್ತದೆ.

ಕೊನೆಗೆ ಬಾಗಿಲಲ್ಲಿ ಕೊಡೆ ಕಾಯುತ್ತಿದ್ದ ಹುಡುಗನೇ ಕೇಳಿದ: ಒಲೆಯನ್ನು ಆರಿಸುವುದು ಯಾವಾಗ? ಕ್ಯಾಲೆಂಡರ್ ನೋಡಬೇಡ ಎಂದೆ. ಜಗುಲಿಯ ಈ ಬಟ್ಟಲನ್ನು ದಿನಾ ಬೆಳಿಗ್ಗೆ ನೋಡು. ಅದರ ಉಪ್ಪು ಮತ್ತೆ ಗಟ್ಟಿಯಾಗಿ, ಸತತ ಮೂರು ಬೆಳಗ್ಗೆ ಗಟ್ಟಿಯಾಗಿಯೇ ಇದ್ದರೆ, ನಾಲ್ಕನೆಯ ದಿನ ಸೌದೆ ಹಾಕಬೇಡ, ಕಿಟಕಿಗಳನ್ನೆಲ್ಲ ತೆರೆ.